ಹೊಸತೊಡಕಿನ ಹುಂಜ, ಜೂನಿನ ಬ್ಯಾಗು

ಮೇ ತಿಂಗಳಲ್ಲಿ ಆಲೂರು ಕಡೆಯ ಯಾವ ರೈತರ ಮನೆಗೆ ಹೋಗಿ ಕೈಸಾಲ ಕೇಳಿದರೂ ಒಂದೇ ಉತ್ತರ ಸಿಗುತ್ತದೆ. ಬೀಜಕ್ಕೆ ಹೋಯ್ತು. ಹಾಸನದ ಎಪಿಎಂಸಿ ಯಾರ್ಡಿಗೆ ಪಂಜಾಬಿನ ಜಲಂಧರ್‌ನಿಂದ ಲಾರಿಗಟ್ಟಲೆ ಬಿತ್ತನೆ ಆಲೂಗಡ್ಡೆ ಬಂದು ಇಳಿಯುವ ಕಾಲ ಅದು. ಚೀಲದಿಂದ ಒಂದು ಗಡ್ಡೆ ತೆಗೆದು ಕುಯ್ದು ನೋಡಿ, ರೇಟು ಕೇಳಿ ಮುಖ ಸಿಂಡರಿಸಿ, ಇನ್ನೂ ನಾಲ್ಕು ಮಂಡಿ ಸುತ್ತಿ, ಸಂಜೆ ಹೊತ್ತಿಗೆ ಮೊದಲು ಕೇಳಿದ ಮಂಡಿಯಲ್ಲೇ ಚೀಲ ಎತ್ತಿಸಿಕೊಂಡು ಬರುತ್ತಾರೆ ನಮ್ಮೆಜಮಾನರು. ಅದರ ಬೆನ್ನಿಗೇ ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ, ಆಳಿನ ಕೂಲಿ. ಕೃತ್ತಿಕೆ ಮಳೆ ಹದವಾಗಿ ಬಿದ್ದರಂತೂ ಮನೇಲಿ ಇರೋ ಬರೋ ದುಡ್ಡೆಲ್ಲ ಮಣ್ಣಿಗೆ ಹೋಗುತ್ತದೆ. ಅಂಗಮಾರಿ ರೋಗ ಬಡಿಯದಿದ್ದರೆ ಮೂರು ತಿಂಗಳ ಮೇಲೆ ವಾಪಸ್ ಬರುತ್ತದೆ. ಬಂದರೆ ಬಂತು.

ಸರಿಯಾಗಿ ಅದೇ ಹೊತ್ತಿಗೆ ಶಾಲೆ ಬಾಗಿಲು ತೆಗೆಯುತ್ತದೆ. ಮೇ ಕೊನೆಗೋ ಜೂನ್ ಒಂದಕ್ಕೋ ಮಕ್ಕಳು ಬ್ಯಾಗು, ಛತ್ರಿ, ಬೈಂಡ್ ಹಾಕಿದ ನೋಟ್‌ಬುಕ್ಕು ಹಿಡಿದು ಹೊರಡಬೇಕು. ಆಲೂಗಡ್ಡೆ ಬೀಜದ ಪಕ್ಕ ಇಟ್ಟು ನೋಡಿದರೆ ಇದೇನು ಮಹಾ ಖರ್ಚಲ್ಲ. ಆದರೆ ಬೀಜಕ್ಕೆ ಸೊಸೈಟಿಯಲ್ಲಿ ಸಾಲ ಸಿಗುತ್ತದೆ, ಕಂಪಾಸ್ ಬಾಕ್ಸಿಗೆ ಯಾವ ಸೊಸೈಟಿಯೂ ಸಾಲ ಕೊಡಲ್ಲ. ನಮ್ಮ ಮನೇಲಿ, ಮತ್ತೆ ನಮ್ಮ ಬೀದಿಯ ಮುಕ್ಕಾಲು ಪಾಲು ಮನೆಗಳಲ್ಲಿ, ಈ ಚಿಲ್ಲರೆ ಖರ್ಚೆಲ್ಲ ತೀರುವುದು ಕೋಳಿಯಿಂದ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹಿತ್ತಲಲ್ಲಿ ಕೋಳಿ ಸಾಕೋದು ಹೆಂಗಸರು ಹೊತ್ತು ಕಳೆಯೋಕೆ ಮಾಡೋ ಕೆಲಸ ಅಂತಲೇ ಎಲ್ಲರ ಅನಿಸಿಕೆ. ಕೋಳಿ ಅಂದರೆ ಎಷ್ಟು ಲೆಕ್ಕಾಚಾರದ ಬಾಬತ್ತು ಅಂತ ಗೊತ್ತಿರೋದು ಅತ್ತೆಯಂಥವರಿಗೆ ಮಾತ್ರ.

ನಮ್ಮಲ್ಲಿ ಏಳೆಂಟು ಹೇಂಟೆ, ಒಂದೆರಡು ಹುಂಜ ಯಾವಾಗಲೂ ಇರುತ್ತವೆ. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದು ಒಂದು ಹಿಡಿ ನುಚ್ಚೋ ರಾಗಿಯೋ ಎರಚಿದರೆ ನಮ್ಮ ಕೆಲಸ ಮುಗಿಯಿತು. ಆಮೇಲೆ ತಿಪ್ಪೆ ಕೆದಕಿ, ಗೆದ್ದಲು ಹುಳ ಹೆಕ್ಕಿ, ಪಕ್ಕದ ಮನೆಯವರ ಸೊಪ್ಪಿನ ಮಡಿಗೆ ನುಗ್ಗಿ ಬೈಸಿಕೊಂಡು, ಸಂಜೆ ತಾವೇ ಬಂದು ಗೂಡು ಸೇರುತ್ತವೆ. ಒಮ್ಮೆ ನಾಲ್ಕು ಗಿರಿರಾಜ ಮರಿ ತಂದು ಬಿಟ್ಟಿದ್ದೆವು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಹಿತ್ತಲ ಸಾಕಣೆಗೆ ಅಂತಲೇ ಬೆಳೆಸಿದ ತಳಿ ಅದು. ಬೇಗ ಬೆಳೆಯುತ್ತದೆ, ತೂಕ ಬರುತ್ತದೆ, ವರ್ಷಕ್ಕೆ 130-150 ಮೊಟ್ಟೆ ಇಡುತ್ತದೆ. ನಾಟಿ ಹೇಂಟೆ 60-70 ಇಟ್ಟರೆ ಅದೇ ಹೆಚ್ಚು. ಆದರೂ ಅತ್ತೆಗೆ ಗಿರಿರಾಜ ಹಿಡಿಸಲಿಲ್ಲ. ಕಾರಣ ಒಂದೇ, ಅದು ಕಾವಿಗೆ ಕೂರಲ್ಲ. "ಮೊಟ್ಟೆ ಇಕ್ಕಿ ಎದ್ದೋಗೋ ಕೋಳಿ ತಗಂಡು ಏನು ಮಾಡ್ಲಿ, ಮರಿ ನಾನು ಮಾಡ್ಲಾ?" ಅಂದರು.

ನಾಟಿ ಹೇಂಟೆ ಕಡಿಮೆ ಮೊಟ್ಟೆ ಇಡುವುದಕ್ಕೂ ಈ ಕಾವಿಗೂ ಸಂಬಂಧ ಇದೆ. ಹತ್ತು ಹನ್ನೆರಡು ಮೊಟ್ಟೆ ಇಟ್ಟ ಮೇಲೆ ಅದಕ್ಕೆ ಕಾವು ಬರುತ್ತದೆ. ಅಲ್ಲಿಗೆ ಮೊಟ್ಟೆ ಬಂದ್. 21 ದಿನ ಕೂತು ಮರಿ ಮಾಡಬೇಕು, ಆಮೇಲೆ ಎರಡು ತಿಂಗಳ ಹತ್ತಿರ ಮರಿಗಳನ್ನು ಕಟ್ಟಿಕೊಂಡು ತಿರುಗಬೇಕು, ಅವು ಬಲಿತು ತಾಯಿಯಿಂದಲೇ ಕುಕ್ಕಿಸಿಕೊಂಡು ದೂರವಾದ ಮೇಲೆ ಮತ್ತೆ ಮೊಟ್ಟೆ. ಹಾಗಾಗಿ ಪ್ರತಿ ಸಲ ಕಾವು ಬಂದಾಗಲೂ ಮನೇಲಿ ಒಂದು ತೀರ್ಮಾನ ಆಗಬೇಕು. ಮೊಟ್ಟೆ ಮಾರಬೇಕೋ, ಕೂರಿಸಬೇಕೋ. ಒಂದು ನಾಟಿ ಮೊಟ್ಟೆಗೆ ನಮ್ಮೂರಲ್ಲಿ 12ರಿಂದ 15 ರೂಪಾಯಿ. ಇವತ್ತೇ ಕೈಗೆ ಬರೋ ದುಡ್ಡು. ಕೂರಿಸಿದರೆ ಹನ್ನೊಂದರಲ್ಲಿ ಒಂಬತ್ತು ಒಡೆಯಬಹುದು, ಅದರಲ್ಲಿ ಐದೋ ಆರೋ ಉಳಿಯಬಹುದು, ಅದರಲ್ಲಿ ಅರ್ಧ ಹುಂಜ ಆಗಬಹುದು. ಎಲ್ಲ ಬಹುದು ಬಹುದು. ಆದರೆ ಜೂನ್ ಮರಿ ಉಳಿದರೆ ಮುಂದಿನ ಯುಗಾದಿ ಹೊತ್ತಿಗೆ ಒಳ್ಳೆ ಎರಡು ಕೇಜಿ ಹುಂಜ ಆಗಿರುತ್ತದೆ. ಯುಗಾದಿ ಮಾರನೇ ದಿನ ಹೊಸತೊಡಕು. ನಮ್ಮ ಕಡೆ ಅವತ್ತು ಬಾಡು ಬೇಯದ ಮನೆ ಕಡಿಮೆ, ನಾಟಿ ಹುಂಜಕ್ಕೆ ಅವತ್ತು ಕೇಳಿದ್ದೇ ಬೆಲೆ. ಆ ದುಡ್ಡು ಅತ್ತೆಯ ಟ್ರಂಕಿನಲ್ಲಿ ಒಂದೆರಡು ತಿಂಗಳು ಕೂತಿದ್ದು ಮೇ ಕೊನೆಗೆ ಹೊರಗೆ ಬರುತ್ತದೆ. ಅಂದರೆ ಈ ವರ್ಷ ಮೊಟ್ಟೆಯೊಡೆದು ಬಂದ ಮರಿ ಬರೋ ವರ್ಷದ ಬ್ಯಾಗು. ಅತ್ತೆ ಇದನ್ನು ಯಾವತ್ತೂ ಹೀಗೆ ಬಿಡಿಸಿ ಹೇಳಿದ್ದಿಲ್ಲ. ಮಾಡುತ್ತಾ ಬಂದಿದ್ದಾರೆ ಅಷ್ಟೇ. ನಮ್ಮೆಜಮಾನರ ಮೊದಲ ಸ್ಲೇಟು, ಅವರ ತಮ್ಮನ ಎಸ್ಸೆಸ್ಸೆಲ್ಸಿ ಪರೀಕ್ಷೆ ಫೀಸು, ಎಲ್ಲ ಹೀಗೇ ಆಗಿದ್ದಂತೆ.

ಹಾಲಿನ ದುಡ್ಡು ಡೈರಿಯಿಂದ ನೇರ ಬ್ಯಾಂಕಿಗೆ ಹೋಗುತ್ತದೆ. ಶುಂಠಿ, ಆಲೂಗಡ್ಡೆ ದುಡ್ಡು ಗಂಡಸರ ಜೇಬಿಗೆ. ಕೋಳಿ ದುಡ್ಡು ಒಂದಕ್ಕೆ ಮಾತ್ರ ಯಾರೂ ಲೆಕ್ಕ ಕೇಳಲ್ಲ. ಕೇಳೋಕೆ ಅಷ್ಟು ದೊಡ್ಡ ಮೊತ್ತ ಅಲ್ಲ ಅನ್ನೋದೇ ಅದರ ಅನುಕೂಲ.

ಈ ಸಲ ಕಾವು ಬಂದಿದ್ದು ಬೋಳು ಕತ್ತಿನ ಹೇಂಟೆಗೆ. ನನ್ನ ಮಗಳು ಅದಕ್ಕೆ ರಾಣಿ ಅಂತ ಹೆಸರಿಟ್ಟಿದ್ದಾಳೆ. ಕತ್ತಿನ ಮೇಲೆ ಒಂದು ಪುಕ್ಕ ಇಲ್ಲ, ನೋಡೋಕೆ ರಾಣಿಯ ಯಾವ ಲಕ್ಷಣವೂ ಇಲ್ಲ, ಗತ್ತು ಮಾತ್ರ ಇದೆ. ಗೂಡು ಬಿಟ್ಟು ನನ್ನ ಹೊಲಿಗೆ ಕೋಣೆಗೆ ಬಂದು, ಕಟಿಂಗ್ ಮೇಜಿನ ಕೆಳಗೆ ತುಂಡು ಬಟ್ಟೆ ಹಾಕೋ ಕುಕ್ಕೆಯಲ್ಲಿ ಕೂತುಬಿಟ್ಟಿತು. ನಾನು ಊರಲ್ಲಿ ಹೊಲಿಗೆ ಮಾಡುತ್ತೇನೆ. ಮೇ-ಜೂನ್ ಅಂದರೆ ನನಗೆ ಬಿಡುವಿಲ್ಲದ ಕಾಲ. ಸರ್ಕಾರಿ ಶಾಲೆ ಮಕ್ಕಳಿಗೆ ವಿದ್ಯಾ ವಿಕಾಸ ಯೋಜನೆಯ ಬಟ್ಟೆ ಬರುತ್ತದೆ, ಹೊಲಿಸೋದು ಮನೆಯವರ ಕೆಲಸ. ಅದಕ್ಕೂ ಮೊದಲು ಹಳೇ ಯೂನಿಫಾರಂ ರಿಪೇರಿಗಳು ಬರುತ್ತವೆ. ಹೋದ ವರ್ಷದ ಲಂಗ ಮೊಣಕಾಲಿಗಿಂತ ಮೇಲೆ ಹೋಗಿರುತ್ತದೆ, ಕೆಳಗಿನ ಮಡಿಕೆ ಬಿಚ್ಚಿ ಇಳಿಸಿ ಕೊಡಬೇಕು. ಮಡಿಕೆ ಬಿಚ್ಚಿದಾಗ ಒಳಗೆ ಎರಡು ಬೆರಳಗಲ ಬಟ್ಟೆ ಹೊಚ್ಚ ಹೊಸದಾಗಿ, ಕಡು ನೀಲಿಯಾಗಿ ಇರುತ್ತದೆ. ಉಳಿದ ಲಂಗವೆಲ್ಲ ಬಿಸಿಲು, ಸೋಪು, ಬಂಡೆಕಲ್ಲಿನ ಏಟಿಗೆ ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಎಷ್ಟು ಇಸ್ತ್ರಿ ಮಾಡಿದರೂ ಆ ಎರಡು ಬಣ್ಣದ ನಡುವಿನ ಗೆರೆ ಹೋಗಲ್ಲ. ಅದಕ್ಕೇ ನಾನು ಆ ಗೆರೆಯ ಮೇಲೆ ಒಂದು ಸಣ್ಣ ಪಿನ್‌ಟಕ್, ಅಂದರೆ ಎಳೆಯಷ್ಟು ಮಡಿಕೆ, ಹಾಕಿ ಕೊಡುತ್ತೇನೆ, ಡಿಸೈನ್ ಥರ ಕಾಣುತ್ತದೆ. ಇದಕ್ಕೆ ಬೇರೆ ದುಡ್ಡು ತಗೊಳ್ಳಲ್ಲ. ಹೊಸದಾಗಿ ಹೊಲಿಯುವಾಗಲೇ ಜಾಸ್ತಿ ಮಡಿಕೆ ಬಿಡಿ ಅಂತ ತಾಯಂದಿರು ಕೇಳುತ್ತಾರೆ, ಕೇಳದಿದ್ದರೂ ನಾನು ಬಿಡುತ್ತೇನೆ.

ಅಂಥ ನೀಲಿ ತುಂಡುಗಳ ಮೇಲೆ ರಾಣಿ ಕೂತಿತ್ತು. ಕೈ ಹತ್ತಿರ ತಂದರೆ ಮೈಯೆಲ್ಲ ಉಬ್ಬಿಸಿ ಕುರ್ರ್ ಅನ್ನುತ್ತಿತ್ತು. ಎತ್ತಿ ಹೊರಗೆ ಬಿಟ್ಟರೆ ನಾನು ಮೆಷಿನ್ ಹತ್ತಿರ ಬರೋದರೊಳಗೆ ಅದು ಮೊದಲೇ ಬಂದು ಕೂತಿರುತ್ತಿತ್ತು.

ಅತ್ತೆ ಒಪ್ಪಲಿಲ್ಲ. ಈಗ ಕೂರಿಸಿದರೆ ಮರಿ ಒಡೆಯೋದು ರೋಹಿಣಿ ಮಳೇಲಿ, ಥಂಡಿಗೆ ಮರಿ ಉಳಿಯಲ್ಲ, ನೀರಲ್ಲಿ ಮುಳುಗಿಸಿ ತೆಗೆದು ಕಾವು ಬಿಡಿಸಿ ಅಂದರು. ಅವರ ಮಾತು ಸುಳ್ಳಲ್ಲ. ನಮ್ಮದು ಅರೆಮಲೆನಾಡು. ಸಕಲೇಶಪುರದಷ್ಟು ಮಳೆ ಇಲ್ಲದಿದ್ದರೂ ಜೂನ್ ಬಂತೆಂದರೆ ಅಂಗಳ ಒಣಗುವುದೇ ಇಲ್ಲ, ಮೊದಲ ಎರಡು ವಾರ ಮರಿಗೆ ಒದ್ದೆ ತಾಗಬಾರದು. ಹೋದ ವರ್ಷವೂ ಜೂನಿನಲ್ಲೇ ಒಡೆಸಿದ್ದೆವಲ್ಲ ಅಂದೆ. "ಹೋದ ವರ್ಷ ಮಳೆ ತಡವಾಗಿ ಹಿಡೀತು, ಬಚಾವಾದ್ವು. ಪ್ರತಿ ವರ್ಷ ಮಳೆ ನಿನ್ ಮಾತು ಕೇಳ್ತದಾ?" ಅಂದರು. ಆದರೆ ಮಕ್ಕಳು ಬಿಡಬೇಕಲ್ಲ. ರಜೆ ಪೂರ್ತಿ ಮೊಬೈಲ್ ನೋಡಬೇಡಿ ಅಂತ ಬೈದಿದ್ದು ನಾವೇ, ಈಗ ಕೋಳಿ ಕೂರಿಸಿ ಅಂತ ಕೇಳಿದರೆ ಬೇಡ ಅನ್ನೋದು ಹೇಗೆ? ಮರಿಗಳನ್ನು ಇದೇ ಕೋಣೆಯಲ್ಲಿ ಬೆಚ್ಚಗೆ ಇಟ್ಟುಕೊಳ್ಳುತ್ತೇವೆ ಅಂದ ಮೇಲೆ ಅತ್ತೆ ಮಣಿದರು. ಬೆಂಗಳೂರಲ್ಲಿರುವ ಮೈದುನ ಫೋನಿನಲ್ಲಿ ಕೇಳಿಸಿಕೊಂಡು, ಆನ್‌ಲೈನಲ್ಲಿ ಇನ್‌ಕ್ಯುಬೇಟರ್ ಸಿಗುತ್ತೆ, ಮೂವತ್ತೇಳೂವರೆ ಡಿಗ್ರಿಗೆ ಇಟ್ಟು ನೀರಿಟ್ಟರೆ ಆಯ್ತು, ಅದೇ ಮೊಟ್ಟೆ ತಿರುಗಿಸುತ್ತೆ ಅಂದ. "ಮಳೇಲಿ ಕರೆಂಟ್ ಹೋದ್ರೆ ನೀನು ಬಂದು ಕೂತ್ಕತೀಯೇನಪ್ಪ?" ಅಂದರು ಅತ್ತೆ. ಆ ವಿಷಯ ಅಲ್ಲಿಗೆ ಮುಗಿಯಿತು.

ಕೂರಿಸೋಕೆ ಮೊಟ್ಟೆ ಆರಿಸೋದೂ ಒಂದು ಕೆಲಸ. ಅತ್ತೆ ಮೊಟ್ಟೆಗಳನ್ನು ರಾಗಿ ಡ್ರಮ್ಮಿನೊಳಗೆ ಹೂತಿಡುತ್ತಾರೆ, ತಣ್ಣಗಿರುತ್ತವೆ. ಫ್ರಿಜ್‌ನಲ್ಲಿಟ್ಟದ್ದು ಬೇಡ, ತೊಳೆದದ್ದು ಬೇಡ, ತೀರಾ ದಪ್ಪ ಬೇಡ, ತೀರಾ ಸಣ್ಣ ಬೇಡ, ವಾರ ಹತ್ತು ದಿನಕ್ಕಿಂತ ಹಳೇದು ಬೇಡ. ಚಿಪ್ಪಿಗೆ ಬೆರಳಲ್ಲಿ ಮೆಲ್ಲಗೆ ತಟ್ಟಿ ಸದ್ದು ಕೇಳಿ, ಕೂದಲೆಳೆ ಬಿರುಕಿದ್ದರೂ ಸಾರಿಗೆ ಅಂತ ಪಕ್ಕಕ್ಕಿಟ್ಟರು. ಕೊನೆಗೆ ಉಳಿದದ್ದು ಹನ್ನೆರಡು, ಅದರಲ್ಲಿ ಒಂದನ್ನು ತೆಗೆದು ಬೆಸ ಮಾಡಿದರು. ಕುಕ್ಕೆಗೆ ಬೂದಿ ಉದುರಿಸಿ, ಮೇಲೆ ನೆಲ್ಲುಹುಲ್ಲು ಹಾಸಿ, ಅಡಿಯಲ್ಲಿ ಒಂದು ಚೂರು ಇದ್ದಿಲು ಮತ್ತೆ ಕಬ್ಬಿಣ ಇಡಬೇಕು. ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ. ಕಬ್ಬಿಣಕ್ಕೆ ಹುಡುಕಾಡುವಾಗ ನನ್ನ ಮೊಂಡು ಕತ್ತರಿ ಸಿಕ್ಕಿತು. ಅದರಿಂದ ಗುಡುಗು ನಿಲ್ಲುತ್ತದೆ ಅಂತ ನಾನೇನೂ ನಂಬಲ್ಲ. ಇಟ್ಟರೆ ನಷ್ಟವೂ ಇಲ್ಲ.

ಮಗನಿಗೆ ಒಂದು ಅನುಮಾನ. ಅವನು ನಾಲ್ಕನೇ ಕ್ಲಾಸಿಗೆ ಹೋಗುವವನು, ಇಂಥವು ಅವನಿಗೇ ಹೊಳೆಯುವುದು. "ಅಮ್ಮಾ, ಒಂದು ಮೊಟ್ಟೆ ಇವತ್ತಿಂದು, ಇನ್ನೊಂದು ಹೋದ ವಾರದ್ದು. ಹೋದ ವಾರದ್ದು ಮೊದಲು ಒಡೀಬೇಕಲ್ವಾ?" ಒಳ್ಳೆ ಪ್ರಶ್ನೆ. ಮೊಟ್ಟೆ ಇಟ್ಟ ದಿನದಿಂದ ಲೆಕ್ಕ ಶುರುವಾಗುವುದಿಲ್ಲ, ಕಾವು ತಾಗಿದ ದಿನದಿಂದ ಶುರು. ತಣ್ಣಗಿರುವಷ್ಟು ದಿನ ಒಳಗಿನ ಜೀವ ಬೆಳೆಯದೆ ಹಾಗೇ ಕಾಯುತ್ತದೆ. ಅದಕ್ಕೇ ಹೇಂಟೆ ಮೊದಲ ಮೊಟ್ಟೆ ಇಟ್ಟ ಕೂಡಲೇ ಕೂರುವುದಿಲ್ಲ, ಎಲ್ಲ ಇಟ್ಟು ಮುಗಿಸಿ ಕೂರುತ್ತದೆ. ಕೂತರೆ ಎಲ್ಲವೂ ಹೆಚ್ಚುಕಮ್ಮಿ ಒಂದೇ ದಿನ ಒಡೆಯುತ್ತವೆ. ಇದನ್ನು ಹೇಳಿದ್ದಕ್ಕೆ ಅವನು ಕ್ಯಾಲೆಂಡರಿನಲ್ಲಿ 21 ಎಣಿಸಿ ಒಂದು ಚೌಕಕ್ಕೆ ಸ್ಕೆಚ್ ಪೆನ್ನಲ್ಲಿ ಮೊಟ್ಟೆ ಬರೆದ. ಆಮೇಲೆ ನೋಡಿದರೆ ಅದು ಶಾಲೆ ಶುರುವಾದ ಮೇಲಿನ ದಿನ. ಮನೆಯಲ್ಲಿ ದೊಡ್ಡ ರಂಪ. ಎರಡು ದಿನ ಮೊದಲೇ ಕೂರಿಸಿದ್ದರೆ ಭಾನುವಾರ ಆಗ್ತಿತ್ತು ಅಂತ ಅಜ್ಜಿಗೂ ಮೊಮ್ಮಗನಿಗೂ ಮಾತಿಲ್ಲ.

ಒಂದು ವಾರ ಕಳೆದ ಮೇಲೆ ರಾತ್ರಿ ಲೈಟ್ ಆರಿಸಿ ಮೊಬೈಲ್ ಟಾರ್ಚ್ ಮೇಲೆ ಮೊಟ್ಟೆ ಇಟ್ಟು ನೋಡಿದೆವು. ದಪ್ಪ ತುದಿಯ ಕಡೆ ಗಾಳಿಯ ಸಣ್ಣ ಕೋಣೆ ಬಿಳುಪಾಗಿ ಕಾಣುತ್ತದೆ. ಅದರ ಕೆಳಗೆ ಕೆಂಪು ನರಗಳು ಕವಲು ಕವಲಾಗಿ ಹರಡಿ, ನಡುವೆ ಒಂದು ಕಪ್ಪು ಚುಕ್ಕೆ, ಅದು ಮರಿಯ ಕಣ್ಣು. ಕೈ ಅಲುಗಾಡಿಸದೆ ಹಿಡಿದರೆ ಆ ಚುಕ್ಕೆ ತಾನೇ ಅಲುಗುತ್ತದೆ. ಒಂದು ಮೊಟ್ಟೆಯಲ್ಲಿ ಏನೂ ಇರಲಿಲ್ಲ, ಸುಮ್ನೆ ಹಳದಿ ಬೆಳಕು. ಅದನ್ನು ತೆಗೆದೆವು. ಮಗಳು ಎಲ್ಲದರ ಫೋಟೋ ತೆಗೆದುಕೊಂಡಳು. ಅತ್ತೆ ಮಾತ್ರ ಇಣುಕಿಯೂ ನೋಡಲಿಲ್ಲ. ಟಾರ್ಚ್ ಬಿಟ್ಟು ನೋಡೋದು ಅವರಿಗೆ ಸರಿ ಕಾಣಲ್ಲ.

ಈ ನಡುವೆ ಹಾಸನಕ್ಕೆ ಹೋಗಿ ಬಂದೆವು. ಆಲೂರಲ್ಲೂ ಅಂಗಡಿಗಳಿವೆ, ಆದರೆ ಬ್ಯಾಗು, ಛತ್ರಿಗೆ ಹಾಸನವೇ ಆಗಬೇಕು ಅಂತ ಮಕ್ಕಳ ಹಟ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆಲ್ಲ ಟಿಕೆಟ್ ದುಡ್ಡಿಲ್ಲ, ನನಗೂ ಮಗಳಿಗೂ ಶೂನ್ಯ ಟಿಕೆಟ್ ಹರಿದುಕೊಟ್ಟರು. ಮಗನಿಗೆ ಅರ್ಧ ಟಿಕೆಟ್. ದಾರಿಯುದ್ದಕ್ಕೂ ಅಕ್ಕ ಅವನನ್ನು ರೇಗಿಸಿದ್ದೇ ರೇಗಿಸಿದ್ದು. ಅವನು ಕಂಡಕ್ಟರ್ ಹತ್ತಿರ ಹೋಗಿ, ದುಡ್ಡು ಕೊಟ್ಟಿದ್ದೀನಿ, ಕಿಟಕಿ ಸೀಟು ನನಗೆ ಕೊಡಿಸಿ ಅಂತ ನ್ಯಾಯ ಕೇಳಿದ. ನ್ಯಾಯ ಸಿಕ್ಕಿತು.

ಕಸ್ತೂರಬಾ ರಸ್ತೆಯಲ್ಲಿ ಆ ವಾರ ಕಾಲಿಡೋಕೆ ಜಾಗ ಇರಲಿಲ್ಲ. ಪುಸ್ತಕದ ಅಂಗಡಿ ಕೌಂಟರಿನಲ್ಲಿ ಮೂರು ಸಾಲು ಜನ, ಎಲ್ಲರ ಕೈಯಲ್ಲೂ ಚೀಟಿ, ಒಬ್ಬರ ತಲೆ ಮೇಲಿಂದ ಇನ್ನೊಬ್ಬರು ಕೂಗುತ್ತಿದ್ದರು. ಲಾಂಗ್ ನೋಟ್‌ಬುಕ್ ಇನ್ನೂರು ಪೇಜಿಂದು ಒಂದು ಡಜನ್, ಗೆರೆ ಇರೋದು ಎಂಟು, ಇಲ್ಲದ್ದು ನಾಲ್ಕು. ನಮ್ಮ ಮಕ್ಕಳಿಗೆ ಪಠ್ಯಪುಸ್ತಕ ಶಾಲೆಯಲ್ಲೇ ಸಿಗುತ್ತದೆ, ಶೂ ಕೂಡ ಅಲ್ಲೇ. ಖಾಸಗಿ ಶಾಲೆಗೆ ಕಳಿಸುವ ನನ್ನ ಗಿರಾಕಿಯೊಬ್ಬಳಿಗೆ ಪುಸ್ತಕ, ಬೆಲ್ಟು, ಟೈ, ಸಾಕ್ಸು ಎಲ್ಲ ಒಂದೇ ಕಟ್ಟಾಗಿ ಶಾಲೆಯಲ್ಲೇ ಕೊಳ್ಳಬೇಕು ಅಂದಿದ್ದರಂತೆ. ಕಟ್ಟಿನ ಬೆಲೆ ಕೇಳಿ ನನಗೆ ನಮ್ಮ ಆಲೂಗಡ್ಡೆ ಬೀಜ ನೆನಪಾಯಿತು.

ಮಗಳು ಈ ವರ್ಷ ಎಂಟನೇ ಕ್ಲಾಸು, ಹೈಸ್ಕೂಲು. ಅವಳಿಗೆ ಬ್ಯಾಗು ಸಾದಾ ಇರಬೇಕು, ಚಿತ್ರ ಗಿತ್ರ ಏನೂ ಇರಬಾರದು. ಮಗನಿಗೆ ಚಿತ್ರ ಇಲ್ಲದ ಬ್ಯಾಗು ಬ್ಯಾಗೇ ಅಲ್ಲ. ಒಂದು ಸಂಗತಿ ಹೇಳಬೇಕು. ಹೊಸತೊಡಕಿನ ಹಿಂದಿನ ದಿನ ಕೋಳಿ ಕೊಳ್ಳುವವನು ಬಂದು ಎರಡು ಹುಂಜ ತೂಗಿ ತಗೊಂಡು ಹೋದಾಗ ಈ ಹುಡುಗ ಕೊಟ್ಟಿಗೆ ಹಿಂದೆ ಹೋಗಿ ಅತ್ತಿದ್ದ. ಅದರಲ್ಲಿ ಒಂದು ಅವನ ಭುಜದ ಮೇಲೆ ಕೂರುತ್ತಿತ್ತು. ನನಗೆ ಬ್ಯಾಗೇ ಬೇಡ, ಹಳೇದೇ ಸಾಕು, ಅದನ್ನ ವಾಪಸ್ ತಗೊಂಡು ಬನ್ನಿ ಅಂದಿದ್ದ. ರಾತ್ರಿ ಊಟ ಕೂಡ ಮಾಡಿರಲಿಲ್ಲ. ಅಂಗಡಿಯಲ್ಲಿ ಅವನು ನೀಲಿ ಬ್ಯಾಗಿನ ಜಿಪ್ಪನ್ನು ಎಳೆದು ಬಿಟ್ಟು ಎಳೆದು ಬಿಟ್ಟು ನೋಡುತ್ತಿದ್ದ. "ಇದು ಅವನದ್ದೇ ದುಡ್ಡಲ್ವಾ?" ಅಂತ ಕೇಳಿದ. ಹೌದು ಅಂದೆ. ಸುಳ್ಳು ಹೇಳೋಕಾಗುತ್ತಾ? ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಒಳ್ಳೇದೇ ತಗೊಳ್ಳೋಣ ಅಂದ. ನೂರೈವತ್ತು ರೂಪಾಯಿ ಜಾಸ್ತಿಯಾಯಿತು. ಕೊಟ್ಟೆ.

ಇನ್ನೊಂದು ದಂಡ ಸ್ಟೀಲಿನ ಫ್ಲಾಸ್ಕ್ ಬಾಟಲಿ. ತಣ್ಣೀರು ತಣ್ಣಗೇ, ಬಿಸಿನೀರು ಬಿಸಿಯಾಗೇ ಇರುತ್ತಂತೆ. ಮಳೆಗಾಲದಲ್ಲಿ ಶಾಲೆಗೆ ಬಿಸಿನೀರು ಒಯ್ಯಲಿ ಅಂತ ನಾನೂ ಹೂಂ ಅಂದೆ. ಛತ್ರಿ ಬೇಡ, ರೇನ್‌ಕೋಟ್ ಬೇಕು ಅಂತ ಒಬ್ಬರು, ರೇನ್‌ಕೋಟ್ ಒಳಗೆ ಬೆವರುತ್ತೆ ಅಂತ ಇನ್ನೊಬ್ಬರು. ಮನೆಗೆ ಬಂದು ಹರಡಿದಾಗ ಅತ್ತೆ ಎಲ್ಲವನ್ನೂ ಮುಟ್ಟಿ ನೋಡಿದರು. ಅವರ ಕಾಲದಲ್ಲಿ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಎರಡನೇ ಕ್ಲಾಸಿನವರೆಗೆ ಹೋಗಿದ್ದಂತೆ, ಅಷ್ಟೇ. ಆಮೇಲೆ ದನ ಕಾಯೋಕೆ ಬಿಡಿಸಿದರು.

ಮರಿ ಒಡೆಯುವ ಹಿಂದಿನ ಸಂಜೆಯೇ ಸದ್ದು ಶುರುವಾಗಿತ್ತು. ಇದನ್ನು ಕೇಳದವರಿಗೆ ಹೇಳಿದರೆ ನಂಬಲ್ಲ. ಚಿಪ್ಪು ಇನ್ನೂ ಇಡಿಯಾಗಿರುವಾಗಲೇ ಒಳಗಿಂದ ಮರಿ ಚಿಂವ್ ಅನ್ನುತ್ತದೆ. ಮೊದಲು ಅದು ಒಳಗಿನ ಪೊರೆ ತೂತು ಮಾಡಿ ಆ ಗಾಳಿ ಕೋಣೆಗೆ ಕೊಕ್ಕು ಚಾಚುತ್ತದೆ, ಮೊದಲ ಉಸಿರು ಅಲ್ಲೇ. ಉಸಿರು ಬಂದ ಮೇಲೆ ದನಿ. ರಾಣಿ ಹೊಟ್ಟೆಯ ಕೆಳಗಿಂದ ಬರುವ ದನಿಗೆ ಕೊಕ್ ಕೊಕ್ ಅಂತ ಮೆಲ್ಲಗೆ ಉತ್ತರ ಕೊಡುತ್ತಿತ್ತು. ನಾನು ಮೆಷಿನ್ ತುಳಿದರೆ ಎರಡೂ ಕಡೆ ಮೌನ, ನಿಲ್ಲಿಸಿದರೆ ಮತ್ತೆ ಶುರು. ಅವತ್ತು ರಾತ್ರಿ ಎರಡು ಲಂಗ ಬಾಕಿ ಉಳಿದವು.

ಬೆಳಿಗ್ಗೆ ಯೂನಿಫಾರಂ ಹಾಕಿಕೊಂಡು ತಯಾರಾದ ಮಗ ಕುಕ್ಕೆ ಮುಂದೆ ಮಂಡಿಯೂರಿ ಕೂತಿದ್ದ. ಒಂದು ಮೊಟ್ಟೆಯಲ್ಲಿ ರಾಗಿಕಾಳಿನಷ್ಟು ತೂತು, ಒಳಗೆ ಕೊಕ್ಕಿನ ತುದಿ. ಮರಿಯ ಕೊಕ್ಕಿನ ಮೇಲೆ ಒಂದು ಬಿಳಿ ಮುಳ್ಳಿರುತ್ತದೆ, ಚಿಪ್ಪು ಒಡೆಯೋಕೆ ಅಂತಲೇ ಹುಟ್ಟಿದ್ದು, ಒಂದೆರಡು ದಿನದಲ್ಲಿ ಉದುರಿಹೋಗುತ್ತದೆ. ಕುಕ್ಕುತ್ತದೆ, ಸುಸ್ತಾಗಿ ಮಲಗುತ್ತದೆ, ಮತ್ತೆ ಕುಕ್ಕುತ್ತದೆ. ಅರ್ಧ ದಿನವೋ ಅದಕ್ಕಿಂತ ಹೆಚ್ಚೋ ಹಿಡಿಯುತ್ತದೆ. ಮಗ ಉಗುರಿಂದ ಚಿಪ್ಪು ಕೀಳೋಕೆ ಹೋದ. ಅತ್ತೆ ಕೈಗೆ ಒಂದು ಕೊಟ್ಟರು. ಒಳಪೊರೆಯಲ್ಲಿ ಇನ್ನೂ ರಕ್ತ ಓಡುತ್ತಿರುತ್ತದೆ, ಹಳದಿ ಭಾಗ ಇನ್ನೂ ಮರಿಯ ಹೊಟ್ಟೆಯೊಳಗೆ ಪೂರ್ತಿ ಸೇರಿರುವುದಿಲ್ಲ, ಆತುರಪಟ್ಟು ಬಿಡಿಸಿದರೆ ರಕ್ತ ಸೋರಿ ಸಾಯುತ್ತದೆ. ಆ ಹಳದಿಯೇ ಮರಿಯ ಬುತ್ತಿ. ಅದು ಒಳಗೆ ಸೇರಿದ ಮೇಲೆ ಎರಡು ಮೂರು ದಿನ ಏನೂ ತಿನ್ನದಿದ್ದರೂ ಮರಿ ಬದುಕುತ್ತದೆ. ಹ್ಯಾಚರಿಯವರು ಒಂದು ದಿನದ ಮರಿಗಳನ್ನು ರಟ್ಟಿನ ಡಬ್ಬಿಯಲ್ಲಿ ದೂರದೂರಿಗೆ ಕಳಿಸೋದು ಇದೇ ಧೈರ್ಯದ ಮೇಲೆ.

ಈ ಚಿಪ್ಪಿನ ಕತೆಯನ್ನು ಮಕ್ಕಳನ್ನು ಬೆಳೆಸೋಕೆ ಹೋಲಿಸಿ ವಾಟ್ಸಾಪಿನಲ್ಲಿ ಕಳಿಸುವವರಿದ್ದಾರೆ. ತಾನೇ ಒಡೆದುಕೊಂಡು ಬಂದರೆ ಗಟ್ಟಿಯಾಗುತ್ತಾರೆ, ಸಹಾಯ ಮಾಡಬೇಡಿ ಅಂತ. ನನಗೆ ಅದು ಓದಿದಾಗಲೆಲ್ಲ ಸಿಟ್ಟು ಬರುತ್ತದೆ. ದನ ಕಾಯೋಕೆ ಬಿಡಿಸಿದ ಹುಡುಗಿ ಚಿಪ್ಪು ಒಡೆದುಕೊಂಡು ಹೈಸ್ಕೂಲಿಗೆ ಹೋಗಲಿಲ್ಲ. ಮಕ್ಕಳಿಗೆ ನೋಟ್‌ಬುಕ್ ಬೇಕು, ಬಸ್ ಬೇಕು, ಮಡಿಕೆ ಬಿಚ್ಚಿಕೊಡುವ ಯಾರಾದರೂ ಬೇಕು. ಕೋಳಿಮರಿ ಕೋಳಿಮರಿಯೇ.

ಸಂಜೆ ಮಕ್ಕಳು ಬರುವಷ್ಟರಲ್ಲಿ ಎಂಟು ಮರಿ ಒಣಗಿ ಉಣ್ಣೆಯಾಗಿದ್ದವು. ಎರಡು ಮೊಟ್ಟೆ ಒಡೆಯಲೇ ಇಲ್ಲ. ಮಗ ಬ್ಯಾಗು ಕೂಡ ಇಳಿಸದೆ ಕೋಣೆಗೆ ನುಗ್ಗಿದ. ಎಂಟರಲ್ಲಿ ಮೂರಕ್ಕೆ ತಾಯಿಯ ಹಾಗೆ ಕತ್ತು ಬೋಳು.

ವಾರದೊಳಗೆ ಲಸಿಕೆ ಹಾಕಿಸಬೇಕು. ಕೊಕ್ಕರೆ ರೋಗ ಬಂದರೆ ಬೀದಿಯ ಅಷ್ಟೂ ಕೋಳಿ ಎರಡು ಮೂರು ದಿನದಲ್ಲಿ ಸಾಲಾಗಿ ಮಲಗುತ್ತವೆ, ಬಂದ ಮೇಲೆ ಔಷಧಿ ಇಲ್ಲ. ಮರಿಗೆ ಐದರಿಂದ ಏಳು ದಿನ ಆದಾಗ ಲಸೋಟಾ ಲಸಿಕೆ, ಕಣ್ಣಿಗೋ ಮೂಗಿಗೋ ಒಂದು ಹನಿ. ತೊಂದರೆ ಏನೆಂದರೆ ಲಸಿಕೆ ಸೀಸೆ ಬರುವುದೇ ನೂರು, ಇನ್ನೂರು ಕೋಳಿಗೆ ಅಂತ. ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಹಾಕಿ ಮುಗಿಸಬೇಕು, ಅಲ್ಲೀತನಕ ಐಸ್‌ನಲ್ಲೇ ಇರಬೇಕು. ಎಂಟು ಮರಿ ಇರೋ ನನ್ನಂಥವಳು ಏನು ಮಾಡೋದು? ಹಾಗಾಗಿ ನಮ್ಮ ಬೀದಿಯ ಹೆಂಗಸರೆಲ್ಲ ಮಾತಾಡಿಕೊಂಡು ಒಂದೇ ದಿನ ಇಟ್ಟುಕೊಂಡೆವು. ಆಲೂರಿನಿಂದ ಸೀಸೆ ತರೋಕೆ ಐಸ್ ಡಬ್ಬಿ ಯಾರ ಮನೇಲೂ ಇಲ್ಲ. ಮಗನ ಹೊಸ ಫ್ಲಾಸ್ಕಿಗೆ ಐಸ್ ತುಂಬಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಸೀಸೆ ಇಟ್ಟು ಬಸ್ಸಿನಲ್ಲಿ ತಂದೆ. ಹೀಗಾಗಿ ಬಿಸಿನೀರಿನ ಫ್ಲಾಸ್ಕು ಮೊದಲು ಕಂಡಿದ್ದು ಕೋಳಿ ಲಸಿಕೆ. ಮಗ ಅದನ್ನು ಕ್ಲಾಸಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದ. ಮಾರನೇ ದಿನದಿಂದ ಅವನ ಬಾಟಲಿಯಿಂದ ಯಾರೂ ನೀರು ಕೇಳುತ್ತಿಲ್ಲವಂತೆ. ಅವನಿಗೆ ಖು‍ಷಿಯೇ.

ಮಕ್ಕಳಿಗೆ ಶಾಲೆಯಲ್ಲಿ ಈಗ ವಾರಕ್ಕೆ 6 ದಿನವೂ ಮೊಟ್ಟೆ ಸಿಗುತ್ತದೆ, ತಿನ್ನದವರಿಗೆ ಬಾಳೆಹಣ್ಣು. ಅದು ಫಾರಂ ಮೊಟ್ಟೆ. ಮನೇಲಿ ಹುಟ್ಟೋ ನಾಟಿ ಮೊಟ್ಟೆ ಊರಾಚೆ ಹೋಮ್‌ಸ್ಟೇ ಇಟ್ಟಿರುವವರಿಗೆ ಹೋಗುತ್ತದೆ, ಬೆಂಗಳೂರಿನಿಂದ ಬಂದವರು ನಾಟಿ ಮೊಟ್ಟೆ ಅಂತ ಇಷ್ಟಪಟ್ಟು ತಿನ್ನುತ್ತಾರೆ. ನಮ್ಮ ಮಕ್ಕಳು ಶಾಲೆಯ ಮೊಟ್ಟೆ ತಿನ್ನೋದು, ನಾವು ಮನೆಯ ಮೊಟ್ಟೆ ಮಾರೋದು. ಇದರಲ್ಲಿ ನನಗೆ ಬೇಜಾರೇನಿಲ್ಲ. ಶಾಲೆಯಲ್ಲಿ ಮೊಟ್ಟೆ ಕೊಡದಿದ್ದ ಕಾಲದಲ್ಲಿ ಮಕ್ಕಳು ಮೊಟ್ಟೆ ಕೇಳಿದರೆ ಮಾರೋದಾ, ತಿನ್ನಿಸೋದಾ ಅಂತ ಒಂದು ಕ್ಷಣ ಯೋಚಿಸಬೇಕಿತ್ತು. ಆ ಯೋಚನೆ ತಪ್ಪಿತು.

ಮರಿಗಳಲ್ಲಿ ಒಂದನ್ನು ಕೆಂಬೂತ ಎತ್ತಿಕೊಂಡು ಹೋಯಿತು, ಒಂದು ಮೃಗಶಿರ ಮಳೆಯ ಥಂಡಿಗೆ ಹೋಯಿತು. ಅತ್ತೆ "ನಾನು ಹೇಳಿರ್ಲಿಲ್ವಾ?" ಅನ್ನಲಿಲ್ಲ, ಆದರೆ ಹೇಳಿದ ಹಾಗೇ ಇತ್ತು ಮುಖ. ಆರು ಉಳಿದಿವೆ, ಸದ್ಯಕ್ಕೆ.

ಆಷಾಢದಲ್ಲಿ ಊರಿನ ದೇವರಿಗೆ ಕೋಳಿ ಕುಯ್ಯುವವರು ಜಾಸ್ತಿ, ಹಾಗಾಗಿ ಕೊಳ್ಳುವವನು ಮೊನ್ನೆ ಬೈಕಿನಲ್ಲಿ ಮತ್ತೆ ಬಂದ. ಉಳಿದಿದ್ದ ಹಳೇ ಕರಿ ಹುಂಜದ ಮೇಲೆ ಅವನ ಕಣ್ಣು. ಹೈಸ್ಕೂಲಿನಲ್ಲಿ ಶನಿವಾರ ಬಿಳಿ ಶೂ ಹಾಕಿಕೊಂಡು ಬರಬೇಕು ಅಂದಿದ್ದಾರೆ, ಅದು ಚೀಟಿಯಲ್ಲಿ ಇರಲಿಲ್ಲ. ಅತ್ತೆ ಅವನು ಹೇಳಿದ ರೇಟಿಗೆ ಅರ್ಧ ಒಪ್ಪಿಯೇ ಬಿಟ್ಟಿದ್ದರು. ಕೋಳಿಗಳಿಗೆಲ್ಲ ಹೆಸರಿಟ್ಟು, ಮಾರಬೇಡಿ ಅಂತ ಜಗಳ ಆಡುವ ನನ್ನ ಮಗಳು ಒಳಗಿಂದ ಬಂದಳು.

"ಅಣ್ಣ, ನಿಮ್ಮ ತಕ್ಕಡಿ ಬೇಡ. ನಮ್ಮ ಡೈರಿ ಹತ್ತಿರ ತೂಗಿಸ್ಕೊಂಡ್ ಬಂದಿದೀನಿ, ಎರಡು ಕೇಜಿ ಏಳ್ನೂರು ಗ್ರಾಂ ಇದೆ. ಆಷಾಢಕ್ಕೆ ಕರಿ ಹುಂಜ ಬೇರೆ. ಸಾವಿರದ ಮುನ್ನೂರೈವತ್ತು ಕೊಡಿ."

"ಏನ್ ಪಾಪು, ಕೇಜಿಗೆ ಐನೂರು ಹಾಕ್ಬಿಟ್ಯಾ?"

"ನೀವು ಹಾಸನದಲ್ಲಿ ಎಷ್ಟಕ್ಕೆ ಮಾರ್ತೀರ ಹೇಳಿ, ಆಮೇಲೆ ನಾನು ಕಮ್ಮಿ ಮಾಡ್ತೀನಿ."

ಅವನು ಹೇಳಲಿಲ್ಲ. ಸಾವಿರದ ಮುನ್ನೂರಕ್ಕೆ ಮುಗಿಯಿತು. ಬಿಳಿ ಶೂ ಬಂತು, ಉಳಿದದ್ದನ್ನು ಅತ್ತೆ ಟ್ರಂಕಿಗೆ ಹಾಕಿದರು. ಈಗ ಕೋಳಿ ಕೊಳ್ಳುವವರು ಬಂದರೆ, ಹುಡುಗಿ ಶಾಲೆಯಿಂದ ಬರಲಿ, ಐದು ಗಂಟೆ ಮೇಲೆ ಬನ್ನಿ ಅಂತ ಕಳಿಸುತ್ತಾರೆ.